ಇಳಿಜಾರಿನಲ್ಲಿ ನಿಲ್ಲುವ ಬಗೆ

ಅಂಗಳದ ಮೇಷ್ಟ್ರು

ಮಕ್ಕಳೇ, ಈ ವಾರದ ಪಾಠಕ್ಕೆ ಮೊದಲು ನಿಮ್ಮ ಮೇಷ್ಟ್ರು ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿ ಸೀಟಿ ಊದಿದವನು ನಾನು. ಶಾಲೆಯ ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋದಾಗಲೆಲ್ಲ, ಇಳಿಯುವ ಹೊತ್ತಿಗೆ ಕೆಳಗೆ ನಿಂತು ಒಂದೇ ಮಾತು ಕೂಗುತ್ತಿದ್ದೆ: "ಹಿಂದಕ್ಕ ವಾಲ್ರಿ, ಹಿಂದಕ್ಕ!" ನಾನು ಹುಡುಗನಾಗಿದ್ದಾಗ ನನಗೂ ಯಾರೋ ಹಾಗೇ ಕೂಗಿದ್ದರು. ನಾನು ಅದನ್ನೇ ಮುಂದೆ ದಾಟಿಸಿದೆ. ಅದು ಸರಿಯೋ ತಪ್ಪೋ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದವಳು ನನ್ನ ಮೊಮ್ಮಗಳು. ಆರನೇ ತರಗತಿ. ಕಳೆದ ಶ್ರಾವಣದಲ್ಲಿ ಹಟ್ಟಿಯಿಂದ ನಾವೆಲ್ಲ ಮಸ್ಕಿ ಮಲ್ಲಯ್ಯನ ದರ್ಶನಕ್ಕೆ ಹೋಗಿದ್ದೆವು. ಮಸ್ಕಿ ಎಂದರೆ ನಿಮಗೆ ಗೊತ್ತಿರಬೇಕು. ಅಶೋಕ ಚಕ್ರವರ್ತಿಯ ಶಾಸನ ಇರುವ ಊರು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ನಮ್ಮ ಕಡೆ ಚಿನ್ನದ ಕಲ್ಲು ಹುಡುಕುತ್ತ ತಿರುಗುವಾಗ ಆ ಶಾಸನದ ಬಂಡೆಯನ್ನು ಕಂಡ. ಹಿಂದೆ ಸಿಕ್ಕಿದ್ದ ಅವನ ಶಾಸನಗಳಲ್ಲಿ 'ದೇವಾನಾಂಪ್ರಿಯ'ದಂಥ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರೇ ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಚಿನ್ನ ಹುಡುಕಲು ಬಂದವನಿಗೆ ಚಕ್ರವರ್ತಿ ಸಿಕ್ಕ!

ಇರಲಿ, ನಮ್ಮ ಕತೆಗೆ ಬರೋಣ. ಹತ್ತುವಾಗ ಎಲ್ಲ ಚೆನ್ನಾಗಿತ್ತು. ಇಳಿಯುವಾಗ ಜಿಟಿಜಿಟಿ ಮಳೆ. ಮೆಟ್ಟಿಲ ಮೇಲೆ ಜನ ಹೆಚ್ಚಿದ್ದರು ಎಂದು ಇವಳು ಪಕ್ಕದ ಬಂಡೆಯ ಮೇಲೆ ಕಾಲಿಟ್ಟಳು. ಕೆಳಗಿದ್ದ ನಾನು ಹಳೇ ಚಾಳಿಯಂತೆ ಕೂಗಿದೆ, "ಹಿಂದಕ್ಕ ವಾಲವಾ!" ಹೇಳಿದ ಮಾತು ಕೇಳುವ ಹುಡುಗಿ. ವಾಲಿದಳು. ಹಿಮ್ಮಡಿ ಸರಕ್ಕನೆ ಮುಂದೆ ಜಾರಿತು, ಮೈ ಹಿಂದೆ ಬಿತ್ತು. ಬೀಳುವಾಗ ಎಲ್ಲರೂ ಮಾಡುವಂತೆ ಕೈ ಊರಿದಳು. ಮುಂಗೈ ಎಲುಬು ಮುರಿಯಿತು.

ಎಲುಬು ಕೂಡಿಕೊಂಡಿತು. ಮಕ್ಕಳ ಎಲುಬು ಬೇಗ ಕೂಡುತ್ತದೆ. ಆದರೆ ಹೆದರಿಕೆ ಹೋಗಲಿಲ್ಲ. ಪಟ್ಟಿ ಬಿಚ್ಚಿದ ಮೇಲೂ ಶಾಲೆಯ ಮೆಟ್ಟಿಲನ್ನು ಗೋಡೆ ಹಿಡಿದೇ ಇಳಿಯುವಳು. ಮಾಳಿಗೆಯಿಂದ ಕೆಳಗೆ ಬರಬೇಕಾದರೆ ಒಂದೊಂದೇ ಮೆಟ್ಟಿಲ ಮೇಲೆ ಕುಳಿತು ಕುಳಿತು ಬರುವಳು. ಗೆಳತಿಯರು ನಗುತ್ತಾರೆಂದು ಆಟದ ಪಿರಿಯಡ್ಡಿಗೂ ಹೋಗುತ್ತಿರಲಿಲ್ಲ. ಮನೆಯವರು "ದೊಡ್ಡಾಕಿ ಆದಂಗ ಸರಿ ಹೋಗ್ತದ ಬಿಡ್ರಿ" ಅಂದರು. ನನಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಕೂಗಿದವನು ನಾನಲ್ಲವೇ?

ಒಂದು ಸಂಜೆ ಅವಳು ನನ್ನ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ಬೆಳ್ಳನೆಯ ಹಿಮದ ಗುಡ್ಡ. ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡ ಒಬ್ಬ ಮನುಷ್ಯ ಬಾಣದಂತೆ ಕೆಳಗೆ ಬರುತ್ತಿದ್ದ. ಸ್ಕೀಯಿಂಗ್ ಎನ್ನುತ್ತಾರಲ್ಲ, ಅದು. ಅವಳು ಕಣ್ಣು ಮಿಟುಕಿಸದೆ ನೋಡಿ ಕೇಳಿದಳು:

"ಅಜ್ಜಾ, ನಾ ನಾಕು ಹೆಜ್ಜಿ ಇಳಿಯಾಕ ಬಿದ್ದೆ. ಇಂವ ಇಷ್ಟು ಜೋರ್ ಬಂದ್ರೂ ಯಾಕ ಬೀಳವಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ನಾಳೆ ಹೇಳ್ತೀನವಾ" ಅಂದೆ. ಮೇಷ್ಟ್ರುಗಳ ಹಳೆಯ ಉಪಾಯ ಅದು.

ಪುಣ್ಯಕ್ಕೆ ಉತ್ತರವೇ ಮನೆ ಬಾಗಿಲಿಗೆ ಬಂತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸೈನ್ಯದಲ್ಲಿದ್ದಾನೆ. ರಜೆಗೆ ಊರಿಗೆ ಬಂದವನು ಮಾತಾಡಿಸಿಕೊಂಡು ಹೋಗಲು ಬಂದ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ನಮ್ಮ ಸೈನಿಕರಿಗೆ ಹಿಮದ ಮೇಲೆ ಓಡಾಡಲು, ಸ್ಕೀ ಮಾಡಲು ಕಲಿಸುವ ಶಾಲೆ ಇದೆ. ಇವನೂ ಅಲ್ಲಿ ಕಲಿತವನು. ವಿಷಯ ತೆಗೆದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ಕೆರೆದುಕೊಂಡು ಹೇಳಿದ:

"ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಕಲಿಸಿದ್ದು ಅಲ್ಲಿ ನಡೀಲಿಲ್ರಿ. ಇಳಿಜಾರು ಕಂಡ ಕೂಡ್ಲೆ ಹಿಂದಕ್ಕ ವಾಲಿದೆ. ಎರಡು ದಿನ ಬರೇ ಬೆನ್ನ ಮ್ಯಾಲ ಬಿದ್ದೆ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ತಿಂಗಳುಗಳ ಮೇಲೆ ಬಿದ್ದವರ ಮಾತು ಕೇಳಿ ಅವಳು ನಕ್ಕಿದ್ದು ಅದೇ ಮೊದಲು. "ಹಂಗಾದ್ರ ನೀವೂ ಬಿದ್ದೀರೇನ್ರಿ ಕಾಕಾ?" ಎಂದು ಅವನ ಪಕ್ಕಕ್ಕೇ ಹೋಗಿ ಕುಳಿತಳು. ಆಮೇಲೆ ನಮ್ಮ ಅಂಗಳದಲ್ಲಿ ನಡೆದದ್ದೇ ಈ ವಾರದ ಪಾಠ. ಆವತ್ತು ಮೇಷ್ಟ್ರು ಅವನು, ವಿದ್ಯಾರ್ಥಿ ನಾನು.

ಅವನು ಮೊದಲು ಹೇಳಿದ್ದು ಮೈಯ ತೂಕದ ನಡುಬಿಂದುವಿನ ಬಗ್ಗೆ. ನಾವು ನೆಟ್ಟಗೆ ನಿಂತಾಗ ಅದು ಹೆಚ್ಚುಕಡಿಮೆ ಹೊಕ್ಕಳಿನ ಮಟ್ಟದಲ್ಲಿ, ಮೈಯ ಒಳಗೆ ಇರುತ್ತದೆ. ಅಲ್ಲಿಂದ ಒಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಿದ್ದೇವೆ ಎಂದುಕೊಳ್ಳಿ, ಗೌಂಡಿಯವರು ಗೋಡೆ ಕಟ್ಟುವಾಗ ತೂಗುಗುಂಡು ಬಿಡುವ ಹಾಗೆ. ಆ ಗುಂಡು ನಮ್ಮ ಎರಡು ಪಾದಗಳ ನಡುವಿನ ಜಾಗದೊಳಗೆ ಇರುವ ತನಕ ನಾವು ನಿಂತಿರುತ್ತೇವೆ. ಆ ಜಾಗ ದಾಟಿ ಹೊರಗೆ ಹೋಯಿತೋ, ಬಿದ್ದೆವು.

ನಂಬಿಕೆ ಬರದಿದ್ದರೆ ಈಗಲೇ ಮಾಡಿ ನೋಡಿ. ಗೋಡೆಗೆ ಬೆನ್ನು, ಹಿಮ್ಮಡಿ ಎರಡೂ ತಾಗಿಸಿ ನಿಲ್ಲಿ. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಲು ನೋಡಿ. ಆಗುವುದಿಲ್ಲ, ಮುಗ್ಗರಿಸುತ್ತೀರಿ. ಬಯಲಿನಲ್ಲಿ ಬಗ್ಗುವಾಗ ತಲೆ ಮುಂದೆ ಹೋದಷ್ಟೂ ಸೊಂಟ ಹಿಂದೆ ಹೋಗಿ ತೂಕ ಸರಿದೂಗಿಸುತ್ತದೆ. ಗೋಡೆ ಅದನ್ನು ತಡೆಯುತ್ತದೆ. ಅಷ್ಟೇ ಗುಟ್ಟು.

ಇನ್ನು ಸ್ಕೀ ಮಾಡುವವರ ನಿಲುವು. ಸೈನಿಕ ಅಂಗಳದ ನಡುವೆ ನಿಂತು ತೋರಿಸಿದ. ಕಣಕಾಲು, ಮೊಣಕಾಲು, ಸೊಂಟ ಮೂರೂ ಸ್ವಲ್ಪ ಸ್ವಲ್ಪ ಮಡಚಿರಬೇಕು. ಕೈ ಎರಡೂ ಮುಂದೆ, ತುಂಬಿದ ಪರಾತ ಹಿಡಿದು ಬಾಗಿಲು ದಾಟುವವರ ಹಾಗೆ. ನೋಟ ಕಾಲಬುಡದಲ್ಲಿ ಅಲ್ಲ, ಹೋಗಬೇಕಾದ ದಾರಿಯಲ್ಲಿ. ಸ್ಕೀ ಬೂಟು ಗಡಸು, ಮೊಣಕಾಲ ಕೆಳಗಿನವರೆಗೂ ಬರುತ್ತದೆ. ಕಾಲಿನ ಮುಂಭಾಗದ ಎಲುಬು ಬೂಟಿನ ನಾಲಿಗೆಗೆ ಯಾವಾಗಲೂ ಮೆತ್ತಗೆ ಒತ್ತಿಕೊಂಡಿರಬೇಕು. ಆ ಒತ್ತು ತಪ್ಪಿದರೆ ತೂಕ ಹಿಂದೆ ಹೋಗಿದೆ ಎಂದೇ ಅರ್ಥ.

"ಹಿಂದ ಹೋದ್ರ ಏನಾಕ್ಕೈತಿ ಕಾಕಾ?"

"ಸ್ಕೀಯ ಮುಂದಿನ ತುದಿ ಹಗುರಾಗತೈತಿ, ತಂಗಿ. ಹಿಂದಿನ ಕ್ಯಾರಿಯರಿಗೆ ದೊಡ್ಡ ಚೀಲಾ ಹೇರಿದ್ರ ಸೈಕಲ್ಲಿನ ಹ್ಯಾಂಡಲ್ ಹೆಂಗ ಆಡ್ತೈತಿ ಹೇಳು? ಹಂಗ. ತಿರುಗಿಸಿದ ಕಡೆ ತಿರುಗಂಗಿಲ್ಲ. ಹೆದರಿ ಹಿಂದಕ್ಕ ವಾಲ್ತೀವಿ, ವಾಲಿದ್ದಕ್ಕ ಹಿಡಿತ ತಪ್ಪತೈತಿ, ಮತ್ತಷ್ಟು ಹೆದರ್ತೀವಿ."

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನವಿಟ್ಟು ಓದಿ. ಹಿಮದ ಮೇಲೆ ಜಾರುವವನು ಇಳಿಜಾರಿಗೆ ನೇರ ಲಂಬವಾಗಿ ನಿಲ್ಲಬೇಕು. ಗುಡ್ಡ ಇಪ್ಪತ್ತು ಡಿಗ್ರಿ ಇಳಿದಿದ್ದರೆ ಅವನ ಮೈಯೂ ಸುಮಾರು ಅಷ್ಟೇ ಮುಂದಕ್ಕೆ, ಕಣಿವೆಯ ಕಡೆಗೆ ಬಾಗಿರುತ್ತದೆ. ನೋಡುವವರಿಗೆ 'ಅಯ್ಯೋ ಮುಗ್ಗರಿಸಿದ' ಅನ್ನಿಸುತ್ತದೆ. ಅವನ ಪಾದಗಳ ಲೆಕ್ಕದಲ್ಲಿ ಮಾತ್ರ ಅವನು ಸರಿಯಾಗಿ ನಡುವೆ ನಿಂತಿದ್ದಾನೆ. ಪಾದಗಳು ಕೆಳಗೆ ಓಡುತ್ತಿರುವಾಗ ಮೈಯೂ ಅವುಗಳ ಜೊತೆ ಓಡಬೇಕಲ್ಲ. ಹೆದರಿ ಹಿಂದೆ ಉಳಿದರೆ ಪಾದ ಮುಂದೆ, ಮೈ ಹಿಂದೆ.

ನಡೆದು ಇಳಿಯುವವರ ಲೆಕ್ಕ ಬೇರೆ. ನಾವು ಜಾರುತ್ತಿಲ್ಲ, ನಮ್ಮ ಪಾದ ನೆಲವನ್ನು ಹಿಡಿದುಕೊಂಡಿದೆ. ಆದ್ದರಿಂದ ನಾವು ಸ್ಕೀ ಮಾಡುವವರಂತೆ ಮುಂದಕ್ಕೆ ಬಾಗಬಾರದು. ಹಾಗಂತ ಹಿಂದಕ್ಕೂ ವಾಲಬಾರದು. ಹಿಂದಕ್ಕೆ ವಾಲಿದರೆ ತೂಕವೆಲ್ಲ ಹಿಮ್ಮಡಿಯ ಅಂಚಿನ ಮೇಲೆ ಬೀಳುತ್ತದೆ, ಅಂಗಾಲು ನೆಲಕ್ಕೆ ಕೂರುವುದಿಲ್ಲ, ಒದ್ದೆ ಬಂಡೆಯ ಮೇಲೆ ಹಿಮ್ಮಡಿ ಜಾರುತ್ತದೆ. ನಡೆದು ಇಳಿಯುವಾಗ ಮೈ ನೆಟ್ಟಗೆ ಪಾದದ ಮೇಲೇ ಇರಬೇಕು. ಮೊಣಕಾಲು ಸಡಿಲ. ಹೆಜ್ಜೆ ಸಣ್ಣದು. ಪಾದ ಪೂರ್ತಿ ಊರಿದ ಮೇಲೆಯೇ ಮುಂದಿನ ಹೆಜ್ಜೆ. ನನ್ನ ಮೂವತ್ತು ವರ್ಷದ ಕೂಗು ಎಲ್ಲಿ ತಪ್ಪಿತ್ತು ಎಂದು ನನಗೆ ಅರ್ಥವಾದದ್ದು ಇಲ್ಲಿ.

ಈಗ ಎರಡನೇ ಪ್ರಶ್ನೆ. ಕಾಲು ಎಷ್ಟು ಅಗಲ ಇಡಬೇಕು?

ಮೊಮ್ಮಗಳು ತಕ್ಷಣ ಎರಡೂ ಕಾಲನ್ನು ಕುಸ್ತಿಗೆ ನಿಂತವಳ ಹಾಗೆ ಅಗಲಿಸಿ, "ಹಿಂಗ ನಿಂತ್ರ ಯಾರೂ ಕೆಡವಾಕ ಆಗಂಗಿಲ್ಲ" ಅಂದಳು. ಸೈನಿಕ ಪಕ್ಕದಿಂದ ಭುಜಕ್ಕೆ ಮೆಲ್ಲಗೆ ತಳ್ಳಿದ. ನಿಜ, ಅಲುಗಲಿಲ್ಲ. "ಈಗ ಎಡಗಾಲು ಎತ್ತು ನೋಡೋಣ" ಅಂದ. ಎತ್ತಬೇಕಾದರೆ ಅವಳು ಇಡೀ ಮೈಯನ್ನು ಬಲಕ್ಕೆ ಎಳೆದುಕೊಂಡು ಹೋಗಬೇಕಾಯಿತು. ಆಮೇಲೆ ಕಾಲು ಜೋಡಿಸಿ ನಿಲ್ಲಲು ಹೇಳಿದ. ಈಗ ಎಡಗಾಲು ಥಟ್ಟನೆ ಎತ್ತಿದಳು. ಆದರೆ ಬೆರಳಿನಿಂದ ತಳ್ಳಿದರೂ ತೂಗಾಡಿದಳು. ಕೊನೆಗೆ ಸೊಂಟದಷ್ಟೇ ಅಗಲಕ್ಕೆ ಕಾಲಿಟ್ಟು ಮೊಣಕಾಲು ಸಡಿಲ ಬಿಟ್ಟಳು. ತಳ್ಳಿದರೆ ತಡೆದಳು, ಎತ್ತು ಎಂದರೆ ಎತ್ತಿದಳು.

ಸ್ಕೀಯಲ್ಲಿ ಬೇಕಾದದ್ದು ಇದೇ. ತಿರುವಿನಲ್ಲಿ ಹೊರಗಿನ ಕಾಲಿನ ಮೇಲೆ ಹೆಚ್ಚು ತೂಕ ಬೀಳಬೇಕು. ಎಡಕ್ಕೆ ತಿರುಗುವಾಗ ಬಲಗಾಲು, ಬಲಕ್ಕೆ ತಿರುಗುವಾಗ ಎಡಗಾಲು. ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ಕಾಲು ಅತಿ ಅಗಲ ಇದ್ದರೆ ತೂಕ ಈ ಕಾಲಿನಿಂದ ಆ ಕಾಲಿಗೆ ಬೇಗ ದಾಟುವುದಿಲ್ಲ, ಮೊಣಕಾಲುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಅತಿ ಹತ್ತಿರ ಇದ್ದರೆ ಒಂದು ಸ್ಕೀ ಇನ್ನೊಂದಕ್ಕೆ ತಾಗಿ ತೊಡರುತ್ತದೆ. ಸೊಂಟದ ಕೀಲಿನ ನೇರ ಕೆಳಗೆ ಪಾದ ಇದ್ದರೆ ಕಾಲಿನ ಎಲುಬುಗಳೇ ಕಂಬದಂತೆ ತೂಕ ಹೊರುತ್ತವೆ, ಸ್ನಾಯು ಬೇಗ ದಣಿಯುವುದಿಲ್ಲ.

ಈ ಅಗಲದ ಲೆಕ್ಕ ಕಾಲಕ್ಕೆ ತಕ್ಕ ಹಾಗೆ ಬದಲಾಗಿದೆ. ಹಿಂದೆ ಸ್ಕೀಗಳು ಉದ್ದ, ನೇರ ಇದ್ದವು. ಆಗ ಎರಡೂ ಕಾಲು ಅಂಟಿಸಿಕೊಂಡು ಜಾರುವುದೇ ಚೆಂದ ಎನ್ನುತ್ತಿದ್ದರು. 1990ರ ದಶಕದಲ್ಲಿ ತುದಿಗಳು ಅಗಲ, ನಡು ಸಣ್ಣ ಇರುವ ಗಿಡ್ಡ ಸ್ಕೀ ಬಂದವು. ಅವುಗಳ ಅಂಚನ್ನು ಒರಗಿಸಿದರೆ ಸಾಕು, ತಾವೇ ಬಳುಕಿ ತಿರುಗುತ್ತವೆ. ಆದರೆ ಎರಡು ಕಾಲಿಗೂ ಬೇರೆ ಬೇರೆ ಕೆಲಸ ಮಾಡಲು ಜಾಗ ಬೇಕು. ಹಾಗಾಗಿ ಕಾಲುಗಳ ನಡುವೆ ಅಂತರ ಬಂತು. ಕೆಲವರು ಅತಿಯಾಗಿ ಅಗಲಿಸಿ, ಮತ್ತೆ ಸೊಂಟದ ಅಳತೆಗೆ ಮರಳಿದರು.

ವೇಗದ ಓಟದಲ್ಲಿ ನಿಲುವು ಇನ್ನೂ ಬೇರೆ. 1960ರ ಚಳಿಗಾಲದ ಒಲಿಂಪಿಕ್ಸ್ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ನಡೆಯಿತು. ಅಲ್ಲಿ ಫ್ರಾನ್ಸಿನ ಜ್ಯಾನ್ ವುವಾರ್ನೆ ಮೈ ಮುದುರಿ, ಬೆನ್ನು ಬಗ್ಗಿಸಿ, ಕೈಗಳನ್ನು ಮುಂದೆ ಕೂಡಿಸಿ ಮೊಟ್ಟೆಯ ಆಕಾರದಲ್ಲಿ ಜಾರಿ ಡೌನ್‌ಹಿಲ್ ಚಿನ್ನ ಗೆದ್ದ. ಗಾಳಿಯ ತಡೆ ಕಡಿಮೆಯಾಗಲಿ ಎಂಬುದು ಉಪಾಯ. ಇವತ್ತಿಗೂ ಎಲ್ಲರೂ ನೇರ ಹಾದಿಯಲ್ಲಿ ಹಾಗೇ ಮುದುರುತ್ತಾರೆ. 2013ರಲ್ಲಿ ಸ್ವಿಟ್ಜರ್ಲೆಂಡಿನ ವೆಂಗೆನ್ ಓಟದಲ್ಲಿ ಫ್ರಾನ್ಸಿನ ಯೊಹಾನ್ ಕ್ಲಾರೆಯ ವೇಗ ಗಂಟೆಗೆ 161.9 ಕಿಲೋಮೀಟರ್ ಮುಟ್ಟಿತ್ತು. ಲಿಂಗಸುಗೂರಿನ ರಸ್ತೆಯಲ್ಲಿ ಕಾರು ಕೂಡ ಅಷ್ಟು ಜೋರಾಗಿ ಓಡಬಾರದು!

ಹೊಸಬರು ಮೊದಲು ಕಲಿಯುವುದು ಮಾತ್ರ ನಿಲ್ಲುವುದನ್ನು. ಸ್ಕೀಯ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನ ತುದಿಗಳನ್ನು ಅಗಲಿಸಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತಿದರೆ ವೇಗ ಇಳಿಯುತ್ತದೆ. ವಿದೇಶದ ಮಕ್ಕಳಿಗೆ ಇದನ್ನು 'ಪಿಜ್ಜಾ ತುಂಡು' ಎಂದು ಕಲಿಸುತ್ತಾರಂತೆ. "ನಮ್ಮಲ್ಲಿ ಆದ್ರ ರೊಟ್ಟಿ ಮುರಿದ ತುಂಡು ಅನ್ನೋಣು" ಅಂದಳು ಮೊಮ್ಮಗಳು. ಬೀಳುವುದನ್ನೂ ಕಲಿಸುತ್ತಾರೆ. ಬೀಳಲೇಬೇಕಾದರೆ ಗುಡ್ಡದ ಮೇಲ್ಭಾಗದ ಕಡೆಗೆ, ಪಕ್ಕಕ್ಕೆ, ತೊಡೆಯ ಮೇಲೆ ಕುಳಿತಂತೆ ಬೀಳಬೇಕು, ಕೈ ಹಿಂದೆ ಊರಬಾರದು. ಅವಳು ತನ್ನ ಮುಂಗೈ ಸವರಿಕೊಂಡು, "ಮೊದಲೇ ಗೊತ್ತಿದ್ರ..." ಅಂದಳು.

"ಇದೆಲ್ಲಾ ಹಿಮದ ಊರಿನವರ ಆಟ, ನಮಗೆ ಯಾಕ" ಅನ್ನಬೇಡಿ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಹಿಮ ಬೀಳದ ನಾಡಿನಲ್ಲಿ ಹುಟ್ಟಿದವರು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2024ರಲ್ಲಿ ಚಿಲಿ ದೇಶದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅವರದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಬಯಲು, ಏರು, ಇಳಿಜಾರು ಎಲ್ಲವನ್ನೂ ದಾಟುವ ಓಟ. ಅದರಲ್ಲಿ ಬೂಟಿನ ಬೆರಳ ಭಾಗವನ್ನು ಮಾತ್ರ ಸ್ಕೀಗೆ ಬಿಗಿದಿರುತ್ತಾರೆ, ಹಿಮ್ಮಡಿ ಬಿಡುಬಿಡಾಗಿರುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಗಡಸು ಬೂಟಿನ ಆಸರೆಯೂ ಇಲ್ಲ, ಎಲ್ಲ ಮೈಯ ಸಮತೋಲನವೇ. ಗುಲ್ಮಾರ್ಗ್ ಬಳಿಯ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜೈಂಟ್ ಸ್ಲಾಲಮ್ ಮುಗಿಸಿ 45ನೇ ಸ್ಥಾನ ಪಡೆದರು. ಮನಾಲಿಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಕಂಚು ಗೆದ್ದರು.

ಸೈನಿಕ ಹೊರಟ ಮೇಲೆ ನನಗೆ ನಮ್ಮಪ್ಪನ ನೆನಪಾಯಿತು. ಅವರು ಹಟ್ಟಿ ಚಿನ್ನದ ಗಣಿಯ ಆಳದಲ್ಲಿ ಕಲ್ಲು ಕೊರೆಯುವ ಯಂತ್ರ ಹಿಡಿಯುತ್ತಿದ್ದವರು. ಆ ಯಂತ್ರ ಹಿಡಿದರೆ ಮೈಯೆಲ್ಲ ನಡುಗುತ್ತದೆ. "ಕಾಲು ಸ್ವಲ್ಪ ಅಗಲ, ಒಂದು ಮುಂದ ಒಂದು ಹಿಂದ, ಮೊಣಕಾಲು ಸಡ್ಲ ಬಿಡಬೇಕು. ಬಿಗಿ ಹಿಡಿದ್ಯೋ, ಕೆಡವತೈತಿ" ಅನ್ನುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದೂ ನಾನು ಮಕ್ಕಳಿಗೆ 'ಹಿಂದಕ್ಕ ವಾಲ್ರಿ' ಎಂದು ಕೂಗಿಕೊಂಡು ಬಂದೆನಲ್ಲ!

ಮರುದಿನದಿಂದ ನಾವಿಬ್ಬರೂ ಅಭ್ಯಾಸ ಶುರು ಮಾಡಿದೆವು. ಮೊದಲ ವಾರ ಅಂಗಳದಲ್ಲಿ ನಿಲ್ಲುವುದು, ತಳ್ಳುವುದು, ಒಂದು ಕಾಲೆತ್ತುವುದು. ಎರಡನೇ ವಾರ ಮನೆಯ ಮುಂದಿನ ಮೂರೇ ಮೆಟ್ಟಿಲು, ಗೋಡೆಯ ಹತ್ತಿರ, ಆದರೆ ಗೋಡೆ ಮುಟ್ಟದೆ. ಆಮೇಲೆ ಮಾಳಿಗೆಯ ಮೆಟ್ಟಿಲು. ಒಮ್ಮೆ ನಡುವೆ ನಿಂತು ಅತ್ತಳು. ನಾನು "ಇಳಿ" ಅನ್ನಲಿಲ್ಲ. ಮೇಲೆ ಹೋಗಿ ಅವಳ ಪಕ್ಕ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳೇ ಎದ್ದು, ಮೊಣಕಾಲು ಸಡಿಲ ಬಿಟ್ಟು, ಇಳಿದಳು.

ಮೊನ್ನೆ ಮತ್ತೆ ಮಸ್ಕಿಗೆ ಹೋದೆವು. ಹೋಗೋಣ ಅಂದವಳು ಅವಳೇ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಕಂಬಿ ಹಿಡಿದು ನಿಂತೆವು. ಬ್ರೇಕ್ ಹಾಕಿದಾಗ ಒಂದು ಕಾಲು ಮುಂದಿದ್ದವರು ಉಳಿದರು, ತಿರುವಿನಲ್ಲಿ ಕಾಲು ಅಗಲಿಸಿದ್ದವರು ಉಳಿದರು. ಅದನ್ನು ಕಂಡುಹಿಡಿದು ನನಗೆ ತೋರಿಸಿದವಳೂ ಅವಳೇ. ಗುಡ್ಡ ಹತ್ತಿ ಮಲ್ಲಯ್ಯನಿಗೆ ಕೈಮುಗಿದು ಇಳಿಯಲು ಶುರು ಮಾಡಿದೆವು. ಬಂಡೆ ಒಣಗಿತ್ತು, ಆದರೂ ಈ ಸಲ ಮೆಟ್ಟಿಲು ಬಿಡಲಿಲ್ಲ. ಬಿದ್ದ ಜಾಗದ ಎದುರಿಗೆ ಬಂದಾಗ ಅವಳು ನಿಂತಳು. ನನ್ನ ಎದೆ ಡವಡವ ಅನ್ನುತ್ತಿತ್ತು. ಬಾಯಿ ಮಾತ್ರ ಬಿಗಿಹಿಡಿದಿದ್ದೆ. ಅವಳು ಆ ಬಂಡೆಯನ್ನು ಒಮ್ಮೆ ನೋಡಿದಳು. ಸಣ್ಣ ಹೆಜ್ಜೆ, ಪೂರ್ತಿ ಪಾದ, ಮತ್ತೆ ಸಣ್ಣ ಹೆಜ್ಜೆ. ಹತ್ತು ಮೆಟ್ಟಿಲು ಇಳಿದು ಹಿಂದೆ ತಿರುಗಿ ನೋಡಿದಳು.

"ಅಜ್ಜಾ, ನೀ ಹಿಂದಕ್ಕ ವಾಲಾಕತ್ತಿ ನೋಡು!"

ನೋಡಿಕೊಂಡರೆ ಹೌದು, ವಾಲುತ್ತಿದ್ದೆ.

ಈ ವಾರದ ಅಂಗಳದ ಕೆಲಸ: ಮನೆಯಲ್ಲಿ ದೊಡ್ಡವರು ಒಬ್ಬರು ಜೊತೆಗಿರಲಿ. ಮೊದಲು ಕಾಲು ಜೋಡಿಸಿ, ಆಮೇಲೆ ಸೊಂಟದಷ್ಟು ಅಗಲಕ್ಕೆ, ಕೊನೆಗೆ ತುಂಬಾ ಅಗಲಕ್ಕೆ ನಿಂತು ನೋಡಿ. ಪ್ರತಿ ಸಲವೂ ಜೊತೆಯವರು ಪಕ್ಕದಿಂದ ಮೆಲ್ಲಗೆ ತಳ್ಳಲಿ, ಆಮೇಲೆ ನೀವು ಒಂದು ಕಾಲು ಎತ್ತಿ. ಯಾವುದರಲ್ಲಿ ತಡೆಯಲೂ ಆಯಿತು, ಎತ್ತಲೂ ಆಯಿತು ಎಂದು ಬರೆದಿಡಿ. ಇನ್ನೊಂದು: ಬಲ ಪಾದದ ಹೊರಬದಿ ಮತ್ತು ಬಲ ಭುಜ ಎರಡನ್ನೂ ಗೋಡೆಗೆ ತಾಗಿಸಿ ನಿಂತು ಎಡಗಾಲು ಎತ್ತಿ ಹಿಡಿಯಲು ನೋಡಿ. ಯಾಕೆ ಆಗುವುದಿಲ್ಲ ಎಂಬುದಕ್ಕೆ ಉತ್ತರ ಈ ಪಾಠದಲ್ಲೇ ಇದೆ, ಹುಡುಕಿ. ಮನೆಯಲ್ಲಿ ವಯಸ್ಸಾದ ಅಜ್ಜ ಅಜ್ಜಿ ಇದ್ದರೆ ಅವರು ಮೆಟ್ಟಿಲು ಇಳಿಯುವಾಗ ಹಿಂದೆ ನಿಂತು ಕೂಗಬೇಡಿ. ಒಂದು ಮೆಟ್ಟಿಲು ಕೆಳಗೆ, ಪಕ್ಕದಲ್ಲಿ ಇರಿ.

ಮುಂದಿನ ವಾರ ಮತ್ತೆ ಅಂಗಳದಲ್ಲಿ ಸಿಗೋಣ.